ಜೂನ್ ಒಂದರಂದು ಹುಟ್ಟಿದವರು

ವಿಶಾಖಪಟ್ಟಣ ನಿಲ್ದಾಣ

ಪಕ್ಕದ ರಾಜ್ಯಕ್ಕೆ ಹೋಗಿಬಂದುದನ್ನು ಪರದೇಶ ಪ್ರವಾಸವೆಂದು ಕರೆಯಬಹುದೇ ಎಂದು ನಮ್ಮ ಬಳಗದ ಗೆಳತಿಯರು ಕೇಳಿದ್ದುಂಟು. ಕರೆಯಬಹುದೆಂಬುದೇ ನನ್ನ ನಿಲುವು. ಯಾವ ಊರಿನಲ್ಲಿ ಅಂಗಡಿಯ ಬೋರ್ಡಿನ ಅಕ್ಷರಗಳು ದೂರದಿಂದ ನಮ್ಮವೇ ಎನ್ನಿಸಿ, ಹತ್ತಿರ ಹೋದರೆ ಒಂದೊಂದೂ ತುಸು ಓರೆಯಾಗಿ ನಿಂತು ನಗುತ್ತದೆಯೋ ಆ ಊರು ಪರದೇಶವೇ.

ನಾನು ಹೊರಟದ್ದು ಸಮುದ್ರ ನೋಡಲಿಕ್ಕಲ್ಲ. ಧಾರವಾಡದ ನಮ್ಮ ಪುಟ್ಟ ಅಧ್ಯಯನ ಬಳಗವು ಹೊರನಾಡಿನಲ್ಲಿ ದುಡಿಯುವ ಕನ್ನಡಿಗರ ಕುರಿತು ಒಂದು ಪುಸ್ತಿಕೆ ತರಲು ನಿರ್ಧರಿಸಿತ್ತು. ಆ ವರ್ಷಗಳಲ್ಲಿ ಯಾವ ಪತ್ರಿಕೆ ತೆರೆದರೂ ಒಂದೇ ಮಾತು: ನಮ್ಮದು ತರುಣರ ದೇಶ, ದುಡಿಯುವ ವಯಸ್ಸಿನವರೇ ನಮ್ಮ ಬಂಡವಾಳ, ಇನ್ನೇನು ಅವರ ಬೆನ್ನ ಮೇಲೆ ಕುಳಿತು ಅರ್ಥವ್ಯವಸ್ಥೆ ಹಾರಲಿದೆ. ಬೆನ್ನುಗಳನ್ನು ಯಾರೂ ಕೇಳಿರಲಿಲ್ಲ. ಕೇಳುವ ಹೊಣೆ ನನ್ನದಾಯಿತು. ಚೀಲದಲ್ಲಿ ನಾನೇ ಸಿದ್ಧಪಡಿಸಿದ ನಮೂನೆಗಳಿದ್ದವು. ಮೊದಲ ಪ್ರಶ್ನೆ ವಯಸ್ಸು. ಹದಿನೈದರಿಂದ ಐವತ್ತೊಂಬತ್ತರ ಒಳಗಿನವರಾದರೆ ಎರಡನೆಯ ಪ್ರಶ್ನೆಗೆ ಹೋಗಬೇಕು. ಅರವತ್ತು ತುಂಬಿದ್ದರೆ, ‘ಧನ್ಯವಾದ ಹೇಳಿ ಮುಗಿಸಿ’ ಎಂಬ ಸೂಚನೆ. ಅದನ್ನು ಬರೆದವಳೂ ನಾನೇ.

ನಿಲ್ದಾಣದಲ್ಲಿ ಇಳಿದ ಕೂಡಲೇ ಕೆಂಪಂಗಿಯ ಹಮಾಲರೊಬ್ಬರು ನನ್ನ ಚೀಲಕ್ಕೆ ಕೈಯಿಟ್ಟರು. ಬಾಗಿದ ಬೆನ್ನು, ನರೆತ ಹುಬ್ಬು. ನಾನು ಓದಿದ ಶಾಲೆಯಲ್ಲಿ ಗಂಟೆಯಿರಲಿಲ್ಲ, ಬೆತ್ತವಿರಲಿಲ್ಲ, ಅಂಕಪಟ್ಟಿಯಿರಲಿಲ್ಲ. ತನ್ನ ಭಾರವನ್ನು ತಾನೇ ಹೊರಬೇಕೆಂಬ ಒಂದೇ ಒಂದು ನಿಯಮವಿತ್ತು. ಹಿರಿಯರೊಬ್ಬರ ತಲೆಗೆ ನನ್ನ ಚೀಲವನ್ನು ಏರಿಸುವುದು ತಪ್ಪೆಂದು ಅವರಿಗೇ ವಿವರಿಸಿದೆ. ಕನ್ನಡದಲ್ಲಿ ವಿವರಿಸಿದ್ದರಿಂದ ಅವರು ಬಹಳ ಸಹನೆಯಿಂದ ಕೇಳಿಸಿಕೊಂಡರು. ಮೇಲ್ಸೇತುವೆಯ ನಡುಮಧ್ಯದಲ್ಲಿ ಚೀಲದ ಪಟ್ಟಿ ಕಿತ್ತು, ನಮೂನೆಗಳೆಲ್ಲ ಮೆಟ್ಟಿಲುಗಳ ಮೇಲೆ ಹರಡಿಕೊಂಡವು. ಹಿಂದೆಯೇ ಬರುತ್ತಿದ್ದ ಅವರು ಒಂದೊಂದನ್ನೂ ಆಯ್ದು, ತಟ್ಟಿ ಜೋಡಿಸಿ, ಚೀಲವನ್ನು ತಲೆಗೇರಿಸಿಕೊಂಡು ಮುಂದೆ ನಡೆದರು.

ಅವರು ಕನ್ನಡಿಗರಲ್ಲದಿದ್ದರೂ ನಮೂನೆಯ ಪರೀಕ್ಷೆಯಾಗಲೆಂದು, ಹೊರಗೆ ಕೂಲಿ ಕೊಟ್ಟ ಮೇಲೆ ವಯಸ್ಸು ಕೇಳಿದೆ.

“ಡೆಬ್ಬೈ ರಾಸುಕೋ ತಲ್ಲೀ,” ಎಂದರು. ಎಪ್ಪತ್ತು ಬರೆದುಕೋ. “ತಕ್ಕುವ ರಾಸ್ತೇ ಮಾ ಮನವಡು ನವ್ವುತಾಡು.” ಕಡಿಮೆ ಬರೆದರೆ ಮೊಮ್ಮಗ ನಗುತ್ತಾನಂತೆ.

ಸೂಚನೆಯಂತೆ ಧನ್ಯವಾದ ಹೇಳಿ ಮುಗಿಸಿದೆ. ಇಡೀ ನಿಲ್ದಾಣದಲ್ಲಿ ಆಗ ದುಡಿಯುತ್ತಿದ್ದವರು ಅವರೊಬ್ಬರೇ ಇದ್ದಂತಿತ್ತು; ನನ್ನ ಅಧ್ಯಯನದಿಂದ ಹೊರಗೆ ಹೋದ ಮೊದಲಿಗರೂ ಅವರೇ ಆದರು.

ಪೆಂಡುರ್ತಿ

ಊರಿನ ಪಶ್ಚಿಮದ ಅಂಚಿನ ಪೆಂಡುರ್ತಿಯಲ್ಲಿ ನನ್ನ ಸಹಪಾಠಿಯೊಬ್ಬಳ ಸೋದರಮಾವ ಬಸವರಾಜ ಅವರ ಮನೆ. ಬಾಗಲಕೋಟೆ ಕಡೆಯವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫೋರ್‌ಮನ್; ಕುಲುಮೆಗೆ ಗಾಳಿಯೂದುವ ದೊಡ್ಡ ಬ್ಲೋವರುಗಳ ಉಸ್ತುವಾರಿ. ಹೆಂಡತಿ ಶಾಂತಕ್ಕ ನನ್ನನ್ನು ಬಾಗಿಲಲ್ಲೇ ಅಪ್ಪಿಕೊಂಡು ನೇರವಾಗಿ ಅಡುಗೆಮನೆಗೆ ಕರೆದೊಯ್ದರು. ಉಪಚಾರಕ್ಕಿರಬಹುದೆಂದು ನಾನು ಭಾವಿಸಿದೆ. ಅವರು ಕರೆದೊಯ್ದದ್ದು ಸಾಕ್ಷಿ ತೋರಿಸಲು.

ಗ್ಯಾಸ್ ಒಲೆಗೆ ತಂತಿಯಲ್ಲಿ ಕಟ್ಟಿದ ಕೆಂಪು ಚೀಟಿ: ‘ದುರಸ್ತಿ ನಡೆದಿದೆ, ಚಾಲೂ ಮಾಡಬೇಡಿ.’ ಕುಕ್ಕರಿನ ಮೇಲೆ ತಪಾಸಣೆಯ ದಿನಾಂಕ. ಗೋಡೆಯ ಮೊಳೆಗೆ ನೇತುಹಾಕಿದ ಒಂದು ಪುಸ್ತಕ. ಅದರಲ್ಲಿ ಯಾವ ದಿನ, ಯಾವ ಪಾಳಿಯಲ್ಲಿ, ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂಬುದರ ದಾಖಲೆ.

“ಇವೆಲ್ಲಾ ವಾರದ ರಜಾದಾಗ ಮಾಡಿದ್ದು, ಸುಮಿತ್ರಾ,” ಎಂದರು ಶಾಂತಕ್ಕ. “ಮೇ ಮೂವತ್ತೊಂದಕ್ಕ ರಿಟೈರ್ ಆಗ್ತಾರ. ಆಮ್ಯಾಲ ದಿನಾ ಮನ್ಯಾಗ. ನನ್ನ ಕಿವಿಗೂ ಒಂದು ಚೀಟಿ ಕಟ್ಟತಾರ, ನೋಡ್ತಿರು.”

ಬಸವರಾಜರು ಕೆಲಸದಿಂದ ಬಂದವರೇ ಕೈಕಾಲು ತೊಳೆದು ನನ್ನೆದುರು ಕುಳಿತು, ಯಾವ ಪೀಠಿಕೆಯೂ ಇಲ್ಲದೆ, ತೆಲುಗಿನ ‘ಕದಾ’, ‘ಅಂಡಿ’ಗಳು ನುಸುಳುವ ತಮ್ಮ ಬಾಗಲಕೋಟೆ ಕನ್ನಡದಲ್ಲಿ ದೂರು ಹೇಳಿದರು.

“ಅಕ್ಕಾರ, ಖರೇ ಅಂದ್ರ ನನಗ ಐವತ್ತೆಂಟು. ನಮ್ಮೂರ ಮಾಸ್ತರು ಎರಡು ವರ್ಷ ಜಾಸ್ತಿ ಬರದ್ರು. ನಮ್ಮವ್ವ ಸಾಯೋತನಕಾ ಹೇಳ್ತಿದ್ಲು ಕದಾ! ಜೂನ್ ಒಂದು ಅಂತ ಬರದ್ರು. ನಾ ಹುಟ್ಟಿದ್ದು ಜೋಳಾ ಕೊಯ್ಯೋವಾಗ. ಜೂನಿನ್ಯಾಗ ಯಾರ ಹೊಲದಾಗ ಜೋಳಾ ಕೊಯ್ತಾರ್ರಿ?”

“ಎರಡು ವರ್ಷ ಸಿಕ್ಕರೆ ಏನು ಮಾಡುವಿರಿ?”

“ಏನು ಮಾಡೋದು? ಕೆಲಸಾ ಮಾಡೋದು.” ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತಿರಲಿಲ್ಲ. “ಬ್ಲೋವರ್ ಸಪ್ಪಳಾ ಕೇಳಿದ್ರ ಸಾಕು, ಅದಕ್ಕ ಎಲ್ಲಿ ಬ್ಯಾನಿ ಐತಿ ಅಂತ ಹೇಳ್ತೀನಿ ಅಂಡಿ. ಮನ್ಯಾಗ ಏನದ? ಒಂದು ಮಿಕ್ಸರ್. ಅದೂ ಆರಾಮದ.”

“ನೀವು ಬಿಚ್ಚೋತನಕಾ ಆರಾಮಿತ್ತು,” ಎಂದು ಒಳಗಿನಿಂದ ಉತ್ತರ ಬಂತು.

ಜೂನ್ ಒಂದರ ರಹಸ್ಯವನ್ನು ಮನೆಯಲ್ಲಿರುವ ಓದುಗರು ಊಹಿಸಿರಬಹುದು. ಹಳ್ಳಿಯ ಶಾಲೆ ತೆರೆಯುವುದು ಜೂನಿನಲ್ಲಿ. ದಾಖಲಾತಿಯ ಪುಸ್ತಕದಲ್ಲಿ ಜನ್ಮದಿನಾಂಕಕ್ಕೆ ಒಂದು ಕಾಲಂ ಇರುತ್ತದೆ. ‘ಜೋಳ ಕೊಯ್ಯುವಾಗ’ ಎಂಬುದು ಅದರಲ್ಲಿ ಹಿಡಿಸುವುದಿಲ್ಲ. ಹೀಗಾಗಿ ಮಾಸ್ತರರು ಸಾಲಾಗಿ ನಿಂತ ಮಕ್ಕಳ ಎತ್ತರ ನೋಡಿ ವರ್ಷವನ್ನೂ, ಪಂಚಾಂಗ ನೋಡದೆ ಜೂನ್ ಒಂದನ್ನೂ ದಯಪಾಲಿಸುತ್ತಿದ್ದರು. ಒಂದನೆಯ ತಾರೀಖು ಹುಟ್ಟಿದವರು ಹಿಂದಿನ ದಿನವೇ ನಿವೃತ್ತರಾಗಬೇಕೆಂಬುದು ಕಾರ್ಖಾನೆಯ ನಿಯಮ. ಪರಿಣಾಮವಾಗಿ ಪ್ರತಿವರ್ಷ ಮೇ ಮೂವತ್ತೊಂದರಂದು ಒಂದು ಸೇನೆಯೇ ಮನೆಗೆ ಹೋಗುತ್ತಿತ್ತು, ಮತ್ತು ಆ ದಿನ ಗಾಜುವಾಕದ ಮಾರುಕಟ್ಟೆಯಲ್ಲಿ ಹೂವಿನ ಹಾರ ಸಿಗುತ್ತಿರಲಿಲ್ಲ.

ಒಬ್ಬ ಮನುಷ್ಯ ಎಷ್ಟು ಕಾಲ ದುಡಿಯಬಹುದೆಂಬುದನ್ನು ಆತ ಆರು ವರ್ಷದವನಿದ್ದಾಗ ಮಾಸ್ತರರ ಮಸಿಪೆನ್ನು ತೀರ್ಮಾನಿಸುವುದು ಅನ್ಯಾಯ. ಅದನ್ನು ಆ ಸಂಜೆಯೇ ಹೇಳಿದೆ. ಬಸವರಾಜರ ನಮೂನೆಯನ್ನು ಖಾಲಿ ಬಿಟ್ಟೆ. ಸುಳ್ಳು ವಯಸ್ಸನ್ನು ಬರೆಯುವುದು ನನ್ನಿಂದಾಗದು. ಜನ್ಮದಿನಾಂಕವನ್ನು ತಿದ್ದಿಸಿಕೊಳ್ಳುವುದು ದುಡಿಯುವವರ ಹಕ್ಕೆಂದು ಸಾರಿ, ಮನವಿಪತ್ರವೊಂದನ್ನು ಬರೆಯಲು ಕುಳಿತೆ. ಮೂವತ್ತೊಂದಕ್ಕೆ ಇನ್ನೂ ಒಂಬತ್ತು ದಿನಗಳಿದ್ದವು.

ಬಸ್ ನಿಲ್ದಾಣದ ಹೋರಾಟ

ಬೆಳಗಿನ ಐದೂವರೆಗೆ ಪೆಂಡುರ್ತಿಯ ತಿರುವಿನಲ್ಲಿ ಕಾರ್ಖಾನೆಗಳ ಬಸ್ಸುಗಳು ಬರುತ್ತವೆ. ಮೊದಲು ಬಸವರಾಜರ ಸರ್ಕಾರಿ ಕಾರ್ಖಾನೆಯದು, ಅದರ ಬೆನ್ನಿಗೇ ಪರವಾಡದ ಔಷಧ ಕಾರ್ಖಾನೆಗಳವು. ಪ್ಲಾಸ್ಟಿಕ್ ಲೋಟದಲ್ಲಿ ಕುದಿಯುವ ಚಹಾ ಕೊಡುತ್ತಿದ್ದ ಅಂಗಡಿಯವರಿಗೆ ಅದರ ಅಪಾಯವನ್ನು ತಿಳಿಸಿ, ನನ್ನದೇ ಸ್ಟೀಲ್ ಲೋಟ ಮುಂದಿಟ್ಟು, ಸಹಿಸಂಗ್ರಹ ಆರಂಭಿಸಿದೆ.

ಜೂನ್ ಒಂದರವರು ಎಲ್ಲೆಲ್ಲೂ ಇದ್ದರು. ತೆಲುಗರಲ್ಲೂ ಇದ್ದರು. ಬಸವರಾಜರ ಜೊತೆಯಲ್ಲೇ ನಿವೃತ್ತರಾಗಲಿದ್ದ, ಮೂರನೆಯ ಮನೆಯ ಅಪ್ಪಲನಾಯ್ಡು ಅವರು ನನ್ನ ಪೆನ್ನನ್ನು ಕಸಿದುಕೊಂಡೇ ಸಹಿ ಹಾಕಿದರು. “ಮಾ ಹೆಡ್‌ಮಾಸ್ಟರು ಕೂಡಾ ಅಂತೇನಂಡಿ! ನನ್ನ ಬಾಳು ಹಾಳು ಮಾಡಿದ ಮಹಾನುಭಾವ,” ಎಂದು ತೆಲುಗನ್ನೂ, ಬಸವರಾಜರಿಂದ ಕಲಿತ ಕನ್ನಡವನ್ನೂ ಬೆರೆಸಿ ಘೋಷಿಸಿದರು. ಅವರ ಹೆಡ್‌ಮಾಸ್ಟರದೂ ಇದೇ ಕಥೆಯಂತೆ. ಎರಡು ಬೆಳಗಿನಲ್ಲಿ ಮೂವತ್ತೇಳು ಸಹಿಗಳಾದವು. ಎಲ್ಲರ ಮಾಸ್ತರರೂ ವಯಸ್ಸನ್ನು ಹೆಚ್ಚಿಸಿಯೇ ಬರೆದಿದ್ದರು. ಕಡಿಮೆ ಬರೆದವರು ಇಡೀ ದಕ್ಷಿಣ ಭಾರತದಲ್ಲಿ ಒಬ್ಬರೂ ಇರಲಿಲ್ಲ.

ನಾನು ಅವರಿಗೆ ಕಟ್ಟುನಿಟ್ಟಾಗಿ ಹೇಳಿದೆ: ಸಹಿಯೊಂದೇ ಸಾಲದು, ಸಾಕ್ಷ್ಯ ಬೇಕು, ಇಂದೇ ಊರಿಗೆ ಫೋನ್ ಮಾಡಿ ಹಿರಿಯರನ್ನು ವಿಚಾರಿಸಿ.

ಮೂರನೆಯ ದಿನ ಬೆಳಿಗ್ಗೆ ಒಬ್ಬರು ಬಂದು ತಮ್ಮ ಸಹಿ ಸರಿಯಾಗಿ ಮೂಡಿಲ್ಲ, ಹೊಡೆದುಹಾಕಿ ಎಂದರು. ಇನ್ನೊಬ್ಬರು ಇಂಥ ವಿಷಯಗಳಿಗೆ ಸಹಿ ಹಾಕುವುದಿಲ್ಲವೆಂದು ತಿರುಪತಿಯಲ್ಲಿ ಹರಕೆ ಹೊತ್ತಿದ್ದರಂತೆ, ಮರೆತಿದ್ದರಂತೆ. ಅಪ್ಪಲನಾಯ್ಡು ಅವರು ಒಂದು ಬುಟ್ಟಿ ಮಾವಿನಹಣ್ಣಿನೊಂದಿಗೆ ಮನೆಗೇ ಬಂದರು.

“ನಾ ಸಂತಕಂ ನಾಕು ಇಚ್ಚೇಯಂಡಿ, ಮೇಡಂ.” ನನ್ನ ಸಹಿ ನನಗೆ ಕೊಟ್ಟುಬಿಡಿ.

“ಯಾರು ಬೆದರಿಸಿದರು? ಹೆಸರು ಹೇಳಿ.”

ಅವರು ಛಾವಣಿಯ ಕಡೆ ನೋಡಿದರು. “ಮಾ ಪೆದ್ದಮ್ಮ,” ಎಂದರು.

ದೊಡ್ಡಮ್ಮನ ಹೆಸರಿನ ಮರೆಯಲ್ಲಿ ಆಡಳಿತವರ್ಗವನ್ನು ರಕ್ಷಿಸುತ್ತಿದ್ದಾರೆಂದು ನಾನು ತೀರ್ಮಾನಿಸಿದೆ. ದಬ್ಬಾಳಿಕೆಯ ಸೂಕ್ಷ್ಮ ರೂಪಗಳನ್ನು ಕುರಿತು ಆ ಮಧ್ಯಾಹ್ನ ಹನ್ನೊಂದು ಪುಟ ಬರೆದೆ. ಮಾವಿನಹಣ್ಣು ಬಹಳ ಚೆನ್ನಾಗಿತ್ತು.

ಇಪ್ಪತ್ತೆಂಟರ ಹೊತ್ತಿಗೆ ಹಾಳೆಯಲ್ಲಿ ಉಳಿದ ಹೆಸರು ಬಸವರಾಜರದೊಂದೇ. ಅವರ ಸಾಕ್ಷ್ಯ ಇದ್ದದ್ದು ವಿಜಯವಾಡದ ಬಳಿಯ ಇಬ್ರಾಹಿಂಪಟ್ನಂನಲ್ಲಿ, ಅಕ್ಕ ನೀಲವ್ವನ ಮನೆಯಲ್ಲಿ: ತೊಟ್ಟಿಲ ದಿನ ಅಜ್ಜ ಹೆಸರು, ಸಂವತ್ಸರ ಕೆತ್ತಿಸಿ ಕೊಟ್ಟ ಹಿತ್ತಾಳೆಯ ತಂಬಿಗೆ. ಫೋನಿನಲ್ಲಿ ಕೇಳಬಾರದೇ ಎಂದರೆ, ನೀಲವ್ವನಿಗೆ ಫೋನಿನಲ್ಲಿ ಏನೂ ಕೇಳಿಸದು, “ಉಂಡೀಯೇನೋ?” ಎಂದು ಕೂಗಿ ಇಟ್ಟುಬಿಡುತ್ತಾರೆ. ಬಸವರಾಜರಿಗೆ ಅಧಿಕಾರ ಹಸ್ತಾಂತರದ ವಾರ, ರಜೆಯಿಲ್ಲ. ನಾನೇ ರೈಲು ಹತ್ತಿದೆ.

“ತಂಬಿಗಿ ಸಿಗಲಿ ಅಂತ ನಾ ಮಂಗಳವಾರ ಉಪಾಸ ಹಿಡೀತೀನಿ,” ಎಂದರು ಶಾಂತಕ್ಕ. “ಎರಡು ವರ್ಷಾ, ಸುಮಿತ್ರಾ! ಎರಡು ವರ್ಷದಾಗ ನಾ ಮನಸ್ಸು ಗಟ್ಟಿ ಮಾಡ್ಕೊಂತೀನಿ.”

ವಿಜಯವಾಡ, ಇಬ್ರಾಹಿಂಪಟ್ನಂ

ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲು ಒಡೆಯುತ್ತದೆಂದು ತೆಲುಗರು ಹೇಳುತ್ತಾರೆ. ವಿಜಯವಾಡದಲ್ಲಿ ಇಳಿದಾಗ ಒರಳುಕಲ್ಲಿನ ಕಷ್ಟ ನನಗೆ ತಿಳಿಯಿತು. ನಮ್ಮ ಧಾರವಾಡದ ಬಿಸಿಲು ಬೈಯುವ ಬಿಸಿಲು. ಇಲ್ಲಿಯದು ಮೈಮೇಲೆ ಬಿದ್ದು ಹೊಡೆಯುವಂಥದು.

ಇಬ್ರಾಹಿಂಪಟ್ನಂಗೆ ಹೋಗುವ ಆಟೋದಲ್ಲಿ ಮೂವರ ಜಾಗದಲ್ಲಿ ಒಂಬತ್ತು ಮಂದಿ ಕುಳಿತಿದ್ದರು. ಹತ್ತನೆಯವಳಾಗಿ ಕುಳಿತ ನಾನು, ಇದು ಪ್ರಯಾಣಿಕರ ಸುರಕ್ಷತೆಗೆ ಮಾಡುವ ದ್ರೋಹವೆಂದು ಚಾಲಕರಿಗೆ ಹೇಳಿದೆ. ಅವರು ಒಪ್ಪಿಕೊಂಡು, ಗಾಡಿ ನಿಲ್ಲಿಸಿ, ಸುರಕ್ಷತೆಯ ಸಲುವಾಗಿ ನನ್ನನ್ನು ಇಳಿಸಿದರು. ಉಳಿದ ಒಂಬತ್ತು ಮಂದಿ ಸಹಾನುಭೂತಿಯಿಂದ ಕೈಬೀಸಿದರು. ಅರ್ಧ ಗಂಟೆ ರಸ್ತೆಬದಿಯ ಬೇವಿನ ನೆರಳಿನಲ್ಲಿ ನಿಂತು, ಮುಂದಿನ ಆಟೋದಲ್ಲಿ ಹನ್ನೆರಡನೆಯವಳಾಗಿ, ಮೌನವಾಗಿ ಕುಳಿತೆ.

ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವ ಓಣಿಯಲ್ಲಿ ನೀಲವ್ವನ ಮನೆ. ಗಂಡ ಆ ಸ್ಥಾವರದಲ್ಲಿದ್ದವರು, ತೀರಿಕೊಂಡು ಬಹಳ ವರ್ಷಗಳಾಗಿವೆ. ಹೊರಗಿನಿಂದಲೇ ಪಟಪಟನೆ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಸುತ್ತಮುತ್ತಲಿನ ಕನ್ನಡದ ಸಿಬ್ಬಂದಿಗೆ, ಈಚೆಗೆ ಸಕ್ಕರೆ ಕಾಯಿಲೆಯ ತೆಲುಗರಿಗೂ, ಆಕೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಬಸ್ಯಾ ಕಳಿಸ್ಯಾನೇನು? ಉಂಡೀಯೇನವ್ವಾ?”

ಉಂಡ ಮೇಲೆ ವಿಷಯ ತೆಗೆದೆ. ಮುಖಾಮುಖಿ ಕುಳಿತರೆ ಆಕೆಗೆ ಎಲ್ಲವೂ ಕೇಳಿಸುತ್ತಿತ್ತು. ಮಾಸ್ತರರು ಎರಡು ವರ್ಷ ಹೆಚ್ಚು ಬರೆದ ಕಥೆಯನ್ನು ಕೇಳಿ ನೀಲವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ನಕ್ಕರು.

“ಅದು ಅಂವಂದಲ್ಲ! ತಮ್ಮ ಶಿವ್ಯಾಂದು. ಶಿವ್ಯಾ ಸಣ್ಣಾಂವ ಅದಾನಂತ ಸಾಲ್ಯಾಗ ತೊಗೊಳ್ಳವಲ್ರು, ಅದಕ್ಕ ಎರಡು ಏರ್ಸಿದ್ರು. ಈ ಬಸ್ಯಾ ಒಂಬತ್ತು ವರ್ಷಕ್ಕತನಕಾ ಕುರಿ ಕಾದಾನ. ಇಷ್ಟು ದೊಡ್ಡ ಕೋಣನ್ನ ಒಂದನೇ ಇಯತ್ತೇದಾಗ ಹ್ಯಾಂಗ ಕುಂದರ್ಸೋದಂತ ಮಾಸ್ತರು ಮೂರು ಇಳಿಸಿದ್ರು.”

“ಇಳಿಸಿದರೇ?”

“ನನ್ನ ಲಗ್ನದಾಗ ಅಂವಗ ಏಳು. ಹೋಳಿಗಿ ತಿಂದು ಹೊಟ್ಟಿ ಕೆಡಿಸ್ಕೊಂಡಿದ್ದ. ನನಗ ಹನ್ನೊಂದು.”

“ಹನ್ನೊಂದಕ್ಕೆ ಮದುವೆಯೇ? ಅದು ಅಪರಾಧ, ನೀಲವ್ವ!”

“ಯಾರನ್ನ ಹಿಡೀತಿ, ನನ್ನವ್ವಾ? ಎಲ್ಲಾರೂ ಸತ್ತಾರ,” ಎಂದು ಸಮಾಧಾನಪಡಿಸಿ, ಅಟ್ಟದಿಂದ ತಂಬಿಗೆ ಇಳಿಸಿ, ಹುಣಸೆಹಣ್ಣಿನಿಂದ ಉಜ್ಜಿ ನನ್ನ ಕೈಗಿತ್ತರು. ಕಂಠದ ಸುತ್ತ ಚುಕ್ಕೆಚುಕ್ಕೆಯಾಗಿ ಕೆತ್ತಿತ್ತು: ‘ಚಿ. ಬಸವರಾಜ. ಸ್ವಭಾನು ಸಂವತ್ಸರ.’

ನನ್ನ ಶಾಲೆಯಲ್ಲಿ ಸಂವತ್ಸರಗಳನ್ನು ಕಲಿಸಿರಲಿಲ್ಲ. ಅದೊಂದು ಕೊರತೆಯೆಂದು ಅಂದು ಒಪ್ಪಿಕೊಂಡೆ. ನೀಲವ್ವ ಹಿಟ್ಟಿನ ಬೆರಳು ಮಡಚಿದರು. “ಈಗ ವ್ಯಯ. ಸ್ವಭಾನು ಆದಮ್ಯಾಲ ತಾರಣ, ಪಾರ್ಥಿವ, ವ್ಯಯ. ಮೂರು. ಅದರ ಮ್ಯಾಲ ಒಂದು ಪೂರಾ ಸುತ್ತು, ಅರವತ್ತು. ಎಷ್ಟಾತು?”

ಅರವತ್ಮೂರಾಯಿತು. ತಂಬಿಗೆ ನನ್ನ ಮಡಿಲಿನಲ್ಲಿ ಭಾರವಾಯಿತು. ಮೂವತ್ತಾರು ಮಂದಿಯನ್ನು ಯಾರೂ ಬೆದರಿಸಿರಲಿಲ್ಲ. ಅವರು ನನ್ನ ಮಾತು ಕೇಳಿ ಊರಿಗೆ ಫೋನ್ ಮಾಡಿದ್ದರು, ಅಷ್ಟೇ. ಅಪ್ಪಲನಾಯ್ಡು ಅವರ ದೊಡ್ಡಮ್ಮನೂ ಎಲ್ಲೋ ಒಂದು ಹಟ್ಟಿಯಲ್ಲಿ ಬೆರಳು ಮಡಚಿ ಎಣಿಸಿರಬೇಕು. ನನ್ನ ಹನ್ನೊಂದು ಪುಟಗಳ ನೆನಪಾಯಿತು.

ಏನಾದರೂ ನಮೂನೆಯನ್ನು ತುಂಬೋಣವೆಂದು ನೀಲವ್ವನ ವಯಸ್ಸನ್ನು ಬರೆದೆ: ಅರವತ್ತೇಳು. ಧನ್ಯವಾದ ಹೇಳಿ ಮುಗಿಸಬೇಕಾಯಿತು. ಆಕೆ ಮುಗಿಸಲಿಲ್ಲ, ಸಂಜೆಯ ಗಿರಾಕಿಗಳಿಗೆ ಇನ್ನೂ ರೊಟ್ಟಿ ಬಾಕಿಯಿತ್ತು.

ಮೇ ಮೂವತ್ತೊಂದು

ವಾಪಸು ರೈಲಿನಲ್ಲಿ ಉದ್ದಕ್ಕೂ ನನ್ನೊಳಗೆ ವಾದ ನಡೆಯಿತು. ತಂಬಿಗೆ ಸಿಗಲಿಲ್ಲ ಎಂದರೆ ಬಸವರಾಜರು ತಮ್ಮ ಎರಡು ವರ್ಷಗಳನ್ನು ಲೋಕ ಕದ್ದಿತೆಂಬ ಗೌರವದೊಂದಿಗೆ ನಿವೃತ್ತರಾಗುತ್ತಾರೆ. ಸತ್ಯ ಹೇಳಿದರೆ ಅದೂ ಹೋಗುತ್ತದೆ. ಇತರರ ತಪ್ಪುಗಳನ್ನು ಹೆಸರು ಹಿಡಿದು ಕರೆದವಳಿಗೆ ಈ ಒಂದು ವಿನಾಯಿತಿ ಸಲ್ಲದೆಂದು ತುನಿ ದಾಟುವಾಗ ನಿಶ್ಚಯಿಸಿದೆ.

ಬೀಳ್ಕೊಡುಗೆ ನಡೆದದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ. ನಲವತ್ತಕ್ಕೂ ಹೆಚ್ಚು ಜನ, ಆರು ಹಾರ. ಒಂದು ಹಾರ ಒಬ್ಬರ ಕೊರಳಿಗೆ ಬಿದ್ದು, ಫೋಟೋ ಆದ ಕೂಡಲೇ ಮುಂದಿನವರ ಕೊರಳಿಗೆ ಜಿಗಿಯುತ್ತಿತ್ತು. ಬಸವರಾಜರಿಗೆ ಬರುವ ಹೊತ್ತಿಗೆ ಅದರಲ್ಲಿ ದಾರವೇ ಹೆಚ್ಚಿತ್ತು. ಅಪ್ಪಲನಾಯ್ಡು ಅವರು ನನ್ನನ್ನು ಕಂಡು ಕಂಬದ ಹಿಂದೆ ಸರಿದರು. ಕ್ಷಮೆ ಕೇಳಲು ನಾನೂ ಆ ಕಂಬವನ್ನು ಎರಡು ಸುತ್ತು ಹಾಕಿದೆ. ಅವರು ಹೆಚ್ಚು ಚುರುಕಾಗಿದ್ದರು.

“ಸಿಕ್ಕಿತೇನ್ರಿ ಅಕ್ಕಾರ?” ಎಂದು ಕೇಳುವಾಗ ಬಸವರಾಜರ ದನಿ ಸಣ್ಣದಾಗಿತ್ತು. ಶಾಂತಕ್ಕ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು.

ತಂಬಿಗೆ ಕೊಟ್ಟೆ. ಮೂರು ಸಂವತ್ಸರ, ಒಂದು ಸುತ್ತು, ಎಲ್ಲವನ್ನೂ ಹೇಳಿದೆ. ಅವರು ಕೆತ್ತನೆಯ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು. ಸತ್ಯವನ್ನು ಮುಚ್ಚಿಡದಂತೆ ಬೆಳೆಸಿದ ನನ್ನ ಶಾಲೆಯ ಮೇಲೆ ನನಗೆ ಮೊದಲ ಬಾರಿಗೆ ಸಿಟ್ಟು ಬಂತು.

“ಹಂಗಾರ,” ಎಂದರು ಕೊನೆಗೆ, “ನಾ ರಿಟೈರ್ ಆಗಿ ಮೂರು ವರ್ಷ ಆತು. ಯಾರೂ ಹೇಳಲೇ ಇಲ್ಲ ಕದಾ!”

ಮೊದಲು ಅವರು ನಕ್ಕರು, ಆಮೇಲೆ ಕಂಬದ ಹಿಂದಿನಿಂದಲೂ ನಗು ಕೇಳಿಸಿತು. ಶಾಂತಕ್ಕ ನಗಲಿಲ್ಲ. “ಉಪಾಸ ಸುಮ್ಮನ ಹಿಡದೆ,” ಎಂದರು.

ಜೂನ್ ಒಂದು

ಮರುದಿನ ಬೆಳಿಗ್ಗೆ ಬಸವರಾಜರು ಸಮವಸ್ತ್ರ ಹಾಕಿಕೊಂಡು, ಡಬ್ಬಿ ಹಿಡಿದು ಐದೂವರೆಗೆ ತಿರುವಿಗೆ ಹೋದರು. ಅಭ್ಯಾಸಬಲ ಅದು. ಪಾಸು ಒಪ್ಪಿಸಿಯಾಗಿತ್ತು, ಚಾಲಕರು ಬಸ್ಸಿನಿಂದ ಇಳಿದು ಕೈಹಿಡಿದು, ‘ವದ್ದು ಗುರೂಗಾರು’ ಎಂದರಂತೆ, ಬೇಡ ಗುರುಗಳೇ. ಇಷ್ಟು ಜನರೆದುರು ಮನೆಗೆ ಹಿಂದಿರುಗುವುದಕ್ಕೆ ನಾಚಿ, ಬಸವರಾಜರು ಅದರ ಬೆನ್ನಿಗೆ ಬಂದ ಪರವಾಡದ ಬಸ್ಸನ್ನು ಹತ್ತಿಬಿಟ್ಟರು. ಅಲ್ಲಿ ಸಮವಸ್ತ್ರ ನೋಡಿ ಯಾರೂ ತಡೆಯಲಿಲ್ಲ.

ಮನೆಯಲ್ಲಿ ನಾವು ಗಾಬರಿಯಾಗಿದ್ದೆವು. ಸಂಜೆ ಆರಕ್ಕೆ ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು, ಹತ್ತು ವರ್ಷ ಕಿರಿಯರಾಗಿ ಬಂದರು. ಇಳಿದ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದಾಗ ಒಳಗಿನ ಯಾವುದೋ ಫ್ಯಾನಿನ ಸಪ್ಪಳ ಕಿವಿಗೆ ಬಿದ್ದಿತ್ತು. “ಆ ಕಡೀ ಬೇರಿಂಗ್ ಸಾಯಾಕತ್ತೈತಿ” ಎಂದು ಕಾವಲುಗಾರನಿಗೆ ಹೇಳಿದರಂತೆ. ಆತ ಗುತ್ತಿಗೆದಾರರನ್ನು ಕರೆದ. ಬಿಚ್ಚಿ ನೋಡಿದರೆ ಸಾಯುತ್ತಿತ್ತು.

“ಸೋಮವಾರದಿಂದ ಬಾ ಅಂದಾರ.”

ನೇಮಕಾತಿ ಪತ್ರವಿಲ್ಲ, ರಜೆಯ ಮಾತಿಲ್ಲ, ಗುತ್ತಿಗೆ ದುಡಿಮೆಯ ಎಲ್ಲ ಅನ್ಯಾಯಗಳೂ ಅಲ್ಲಿದ್ದವು. ಒಂದೊಂದನ್ನೂ ಹೇಳಿದೆ, ಈಗಲೂ ಹೇಳುತ್ತೇನೆ. ಶಾಂತಕ್ಕ ಗಮನವಿಟ್ಟು ಕೇಳಿ, “ಎಲ್ಲಾ ಖರೇ, ಸುಮಿತ್ರಾ. ಪತ್ರಾ ಕೇಳೂಣು. ಮೊದಲ ಇವರನ್ನ ಬಸ್ಸಿಗೆ ಹತ್ತಿಸೂಣು,” ಎಂದು ಒಲೆಯ ಕೆಂಪು ಚೀಟಿಯನ್ನು ಬಿಚ್ಚಿ, ಒಲೆ ಹಚ್ಚಿ ಅದರ ಬೆಂಕಿಗೇ ಹಾಕಿದರು.

ಮತ್ತೆ ನಿಲ್ದಾಣ

ಸೋಮವಾರ ಸಂಜೆ ನನ್ನನ್ನು ಬೀಳ್ಕೊಡಲು ಬಸವರಾಜರು ಪರವಾಡದಿಂದ ನೇರವಾಗಿ ಬಂದರು. ನನ್ನ ಚೀಲ ಅದೇ ಹಮಾಲರ ತಲೆಯ ಮೇಲಿತ್ತು. ಈ ಬಾರಿ ಏನೂ ವಿವರಿಸದೆ ಹಿಂದೆ ನಡೆದೆ.

“ಅಕ್ಕಾರ, ನನ್ನ ಫಾರಂ ತುಂಬಲೇ ಇಲ್ಲಲ್ರಿ?”

ಕಿಟಕಿಯ ಬಳಿ ಕುಳಿತು ನಮೂನೆ ತೆಗೆದೆ. “ಅಲ್ಲಿ ವಯಸ್ಸು ಕೇಳಲಿಲ್ಲವೇ?”

“ಕೇಳಿದ್ರು. ಅರವತ್ತಾದವರನ್ನ ತೊಗೊಳ್ಳಂಗಿಲ್ಲ ಅಂದ್ರು. ಐವತ್ತೈದು ಅಂದೆ.”

“ಬಸವರಾಜರೇ!”

“ನೀವ ಹೇಳಿದ್ರಲ್ರಿ,” ಎಂದರು ಅವರು, ನಿಜವಾದ ಅಚ್ಚರಿಯಿಂದ. “ಹುಟ್ಟಿದ ತಾರೀಖು ತಿದ್ದಿಸಿಕೊಳ್ಳೋದು ದುಡಿಯೋರ ಹಕ್ಕು ಅಂತ.”

ರೈಲು ಸೀಟಿ ಹಾಕಿತು. ಅವ್ವನ ಮಾತಿನಲ್ಲಿ ಐವತ್ತೆಂಟು, ಮಾಸ್ತರರ ಪೆನ್ನಿನಲ್ಲಿ ಅರವತ್ತು, ತಂಬಿಗೆಯಲ್ಲಿ ಅರವತ್ಮೂರು, ಪರವಾಡದಲ್ಲಿ ಐವತ್ತೈದು. ಸುಳ್ಳು ವಯಸ್ಸನ್ನು ಬರೆಯುವುದು ನನ್ನಿಂದಾಗದು. ನಿಜವಾದುದನ್ನು ಬರೆದರೆ ಧನ್ಯವಾದ ಹೇಳಿ ಮುಗಿಸಬೇಕು. ಕಿಟಕಿಯ ಹೊರಗೆ ಅವರು ಗ್ರೀಸಿನ ಕೈಯನ್ನು ಕಂಬಿಗೆ ತಾಗದಂತೆ ಹಿಡಿದು ಕಾಯುತ್ತಿದ್ದ ಹಾಗೆಯೇ, ಮೊದಲ ಪ್ರಶ್ನೆಯ ಮುಂದೆ ‘ದುಡಿಯುವ ವಯಸ್ಸು’ ಎಂದು ಬರೆದು, ಎರಡನೆಯ ಪ್ರಶ್ನೆ ಕೇಳಿದೆ.